ಕುಮಾರ ಪರ್ವತದ ಗಾಳಿಯಾಗ ವಿಭೂತಿ

ಆಯಿಗೆ ಭುವನೇಶ್ವರಿಯ ಶರಣು. ಫೋನಿನಾಗ ನಿನಗ ಕೇಳಂಗಿಲ್ಲಂತ ಕಾರ್ಡ್ ಬರಿಯಾಕತ್ತೇನಿ, ತಂಗಿ ಅಮಿತಾ ಓದಿ ಹೇಳ್ತಾಳ.

ನಿನ್ನೆ ಕಾಲೇಜಿನವರ ಜೋಡಿ ಕುಮಾರ ಪರ್ವತ ಹತ್ತಿದೆ. ಮಾದನಹಿಪ್ಪರಗಾದ ಹುಡುಗಿಗೆ ಇಂಥಾ ಗುಡ್ಡ ಎಲ್ಲಿ ಗೊತ್ತು, ಬಂಡೆ ಮ್ಯಾಲ ಕೈಕಾಲು ಊರಿ ಹತ್ತಿದೆ. ನಸುಕಿನ್ಯಾಗ ಹೊಂಟಿದ್ದಕ್ಕ ಲಿಂಗಪೂಜಿ ಆಗಿರಲಿಲ್ಲ. ಅದಕ್ಕ ದಾರಿಯಾಗ ಎಲ್ಲಾರೂ ತಿನ್ನುವಾಗ ನಾ ಬ್ಯಾಡಂದೆ. “ಡಯೆಟ್ಟಾ?” ಅಂತ ನಕ್ಕರು. ಖರೇ ಹೇಳಾಕ ನಾಚಿಕಿ ಆತು. ಹಾಸ್ಟೆಲ್ ಸಾಲಿಯಾಗ ಅರವತ್ತು ಹುಡುಗ್ಯಾರು ಕೂಡಿ ಪೂಜಿಗೆ ಕುಂದರ್ತಿದ್ವಿ, ಇಲ್ಲಿ ಕಾಲೇಜಿನ್ಯಾಗ ನಾ ಒಬ್ಬಾಕಿನೇ.

ತುದಿಯಾಗ ಅವರು ಸೆಲ್ಫಿ ತೊಗೊಳುವಾಗ ಬಂಡೆ ಮರಿಗೆ ಕುಂತು ಅಂಗೈ ಮ್ಯಾಲ ಲಿಂಗ ಇಟ್ಟೆ. ಗಾಳಿಗೆ ವಿಭೂತಿ ನಿಲ್ಲವಲ್ದು. ಹುಡುಕ್ಕೋತ ಬಂದ ಮಂಗಳೂರಿನ ನಿಶ್ಮಿತಾ ಗಾಳಿಗೆ ಬೆನ್ನು ಕೊಟ್ಟು ಅಡ್ಡ ಕುಂತ್ಲು. “ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ, ಹಸಿದು ಸಾಯ್ತೀಯಾ?” ಅಂದ್ಲು. ಆಮ್ಯಾಲ ನಿನ್ನ ಖಡಕ್ ರೊಟ್ಟಿ ಇಬ್ಬರೂ ತಿಂದ್ವಿ. ಇಳಿಯುವಾಗ ಆಕಿ ತನ್ನ ಗೆಳತ್ಯಾರ ಜೋಡಿ ಮುಂದ ಹೋದ್ಲು, ನಾ ಮತ್ತ ಹಿಂದ ಉಳಿದೆ.

ಮೊಣಕಾಲು ತರಚ್ಯಾದ, ಚಿಂತಿ ಮಾಡಬ್ಯಾಡ. ಒಂದು ವಿಭೂತಿ ಗಟ್ಟಿ ಕಳಸು. ಜಾಗ ಮುಗೀತು. ಮುಂಜಾನೆ ನೀ ಎಷ್ಟಕ್ಕ ಪೂಜಿಗೆ ಕುಂದರ್ತಿ, ಅಮಿತಾನ ಕೈಲೆ ಬರಸು. ನಾನೂ ಅದೇ ಟೈಮಿಗೆ ಕುಂದರ್ತೇನಿ.

ನಿನ್ನ ಭುವಿ