ಹಿಂದಿನ ಸೀಟಿನಲ್ಲಿದ್ದ ಕೂಮ

ಕೂಬರ್ ಪೀಡಿ
ಶುಕ್ರವಾರ, ೨೧ ಅಕ್ಟೋಬರ್ ೧೯೮೮

ನನ್ನ ಮುದ್ದು ಸ್ಮಿಲ್ಯಾ,

ಇವತ್ತು ಶುಕ್ರವಾರದ ಉಪವಾಸ. ಎಣ್ಣೆ ಹಾಕದೆ ಬೀನ್ಸ್ ಕಾಳು ಬೇಯಲಿಟ್ಟಿದ್ದೇನೆ. ದೇವರ ಪಟಕ್ಕೆ ದೀಪ ಹಚ್ಚಿ, ಗೋಡೆಯಿಂದ ಉದುರಿದ ಮಣ್ಣು ಗುಡಿಸಿ, ಕೋಳಿಗಳಿಗೆ ನೀರಿಟ್ಟು ಬಂದೆ. ನಿಮ್ಮಪ್ಪ ಗಣಿಗೆ ಇಳಿದಿದ್ದಾರೆ. ಅವರೆದುರು ಇದನ್ನು ಬರೆಯಲಾರೆ.

ಭಾನುವಾರ ಫೋನಿನಲ್ಲಿ ಅವರಿಗೆ ಅಂದೆಯಂತೆ, "ಆಸ್ಟ್ರೇಲಿಯಾದವನನ್ನ ಮದುವೆಯಾದೆ ಅಂತ ತಾನೇ ಜ್ಞಾನಸ್ನಾನಕ್ಕೆ ಬರೋರು ಅರ್ಧ ದಾರಿಯಿಂದ ವಾಪಸ್ ಹೋಗಿದ್ದು? ತಪ್ಪಾಯ್ತು ಅನ್ನೋವರೆಗೂ ಮೊಮ್ಮಗನ ಮುಖ ನೋಡೋಕೆ ಬರಬೇಡಿ." ಆ ಮನುಷ್ಯ ತುಟಿ ಬಿಚ್ಚದೆ ಫೋನ್ ಇಟ್ಟರು. ತುಟಿ ಬಿಚ್ಚದಂತೆ ಆಣೆ ಹಾಕಿಸಿಕೊಂಡವಳು ನಾನು.

ನಡೆದದ್ದು ಹೇಳುತ್ತೇನೆ. ನಿನ್ನ ಗಂಡ ಗ್ಲೆನ್ ಜೊತೆ ಕೆಲಸ ಮಾಡುವ ಗ್ರೀಕ್ ಹುಡುಗನನ್ನು ಮಗುವಿಗೆ ಕೂಮನಾಗಿ ಮಾಡುತ್ತೇವೆ, ಹೆಸರನ್ನೂ ನಾವೇ ಆರಿಸಿದ್ದೇವೆ ಎಂದು ನೀನು ಬರೆದಿದ್ದೆಯಲ್ಲ, ಆ ಕಾಗದ ನಾನು ಯಾರಿಗೂ ತೋರಿಸಲಿಲ್ಲ. ಜ್ಞಾನಸ್ನಾನಕ್ಕೆ ಮಗುವನ್ನು ಎತ್ತಿ ಹಿಡಿದು ಹೆಸರಿಡುವ ಹಕ್ಕು ನಮ್ಮಲ್ಲಿ ಕೂಮನದು, ಅದು ಮನೆತನದಿಂದ ಮನೆತನಕ್ಕೆ ಬಂದದ್ದು. ನಿಮ್ಮಪ್ಪನಿಗೆ ಹೆಸರಿಟ್ಟವನು ಒಬ್ರಾದನ ಅಪ್ಪ, ನಿನಗೆ ಇಟ್ಟವನು ಒಬ್ರಾದ. ಪಾದ್ರಿಯ ಮುಂದೆ ಒಬ್ರಾದ ನಿಂತದ್ದು ಕಂಡರೆ ನಿನ್ನ ಮನಸ್ಸು ಕರಗೀತು ಎಂದುಕೊಂಡು ಅವನನ್ನೂ ಹೊರಡಿಸಿದೆ.

ನಾವು ಹೊರಟ ದಿನ ನಲವತ್ತು ಡಿಗ್ರಿ ಬಿಸಿಲು. ಕಿಟಕಿ ತೆರೆದರೆ ಕೆಂಪು ಧೂಳು, ಮುಚ್ಚಿದರೆ ಒಲೆ. ನನ್ನ ಸೊಂಟ ಸತ್ತೇ ಹೋಗಿತ್ತು. ಒಬ್ರಾದ ಹಿಂದಿನ ಸೀಟಿನಲ್ಲಿ ಕೋಟು ಬಿಚ್ಚದೆ ಕೂತು, "ಏ ರಾದೆ, ಕಾರೋ ಕತ್ತೆಗಾಡಿನೋ? ನೀನು ತಲುಪಿಸೋ ಹೊತ್ತಿಗೆ ಹುಡುಗನಿಗೆ ಮೀಸೆ ಬಂದಿರುತ್ತೆ" ಅನ್ನುವನು. "ಇಳಿದು ತಳ್ಳು ಹಂಗಾದ್ರೆ" ಎಂದು ನಿಮ್ಮಪ್ಪ.

ಮೂರು ಗಂಟೆ ದಾರಿ ಸವೆಸಿ ಪೆಟ್ರೋಲಿಗೆ ನಿಂತಾಗ ಒಬ್ರಾದ ನನ್ನ ಪಕ್ಕ ಬಂದು, ಕೂಮನ ಮನೆಯವರು ನಮ್ಮನ್ನೂ ಕರೆಯುವ ವಾಡಿಕೆಯಂತೆ, "ಕೂಮಾ, ಮಗೂಗೆ ಇಡೋ ಹೆಸರು ಇನ್ನೂ ಯಾರಿಗೂ ಹೇಳಿಲ್ಲ. ನಿಂಗಾದ್ರೂ ಹೇಳ್ಲಾ?" ಅಂದ. ಎಪ್ಪತ್ತರ ಮುದುಕ, ಮುಖ ಮಗುವಿನದಾಗಿತ್ತು. ಇಡೀ ಚರ್ಚಿನ ಮುಂದೆ ಇವನು ತಲೆ ತಗ್ಗಿಸಬೇಕಾಗುತ್ತದಲ್ಲ ಎಂದು ಆಗ ನನಗೆ ಹೊಳೆಯಿತು. ಎದೆ ನೋವು ಎಂದುಬಿಟ್ಟೆ. ಸುಳ್ಳು, ಸ್ಮಿಲ್ಯಾ. ನಿಮ್ಮಪ್ಪ ಬಿಳಿಚಿಕೊಂಡು ಆ ಕ್ಷಣವೇ ಕಾರು ತಿರುಗಿಸಿದರು. ಹಸೀ ಬಾಣಂತಿ ಹೆದರುತ್ತಾಳೆ, ಅವಳಿಗೆ ಹೇಳಬೇಡಿ ಎಂದು ದಾರಿಯಲ್ಲೇ ಆಣೆ ಹಾಕಿಸಿಕೊಂಡೆ.

ಈಗ ಅವರು ನನಗೆ ಒಂದು ಬಕೆಟ್ ನೀರೂ ಎತ್ತಲು ಬಿಡುವುದಿಲ್ಲ. ದೇವರ ಮುಂದೆ ನಿಂತರೆ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ. ಸಾಕಾಗಿದೆ ಮಗಳೇ. ಸಂಜೆ ಅವರಿಗೂ ಹೇಳಿಬಿಡುತ್ತೇನೆ. ನಿನ್ನ ಸಿಟ್ಟು ನನ್ನ ಮೇಲಿರಲಿ. ಕೂಮ ಯಾರಾದರೂ ಆಗಲಿ, ನಿಲ್ಲಿಸಿದ ಜ್ಞಾನಸ್ನಾನಕ್ಕೆ ಇನ್ನೊಂದು ದಿನ ಗೊತ್ತುಮಾಡು, ಅಪ್ಪನನ್ನು ಕರೆ.

ನಿನ್ನ ಅಮ್ಮ,
ದೆಸಾಂಕಾ

ಮರೆತ ಮಾತಲ್ಲ, ಆಮೇಲೆ ನಡೆದದ್ದು: ಈ ಕಾಗದ ಮಡಿಸಿಟ್ಟು ಒಬ್ರಾದನ ಮನೆಗೆ ಹೋಗಿ ಎಲ್ಲ ಹೇಳಿದೆ. ನನಗೊಂದು ಕುರ್ಚಿ ಎಳೆದು ಹಾಕಿದ. ಆಮೇಲೆ, "ಏನು ಹೆಸರಿಟ್ಟಿದಾಳೆ?" ಅಂದ. ಡ್ಯಾರೆನ್ ಅಂದೆ. ಎರಡು ಸಲ ಹೇಳಿ ನೋಡಿದ, ನಾಲಿಗೆ ತಿರುಗಲಿಲ್ಲ. "ಕಲಿತೀನಿ ಬಿಡು" ಅಂದ. ನಿನ್ನ ಉತ್ತರವನ್ನು ಅಂಚೆ ಕಚೇರಿಯಿಂದ ತಂದುಕೊಡು ಎಂದು ಅವನನ್ನೇ ಕೇಳಿಕೊಂಡಿದ್ದೇನೆ. ಬೇಗ ಬರೆ.