ಆಳಿಗೊಂದು ಸೊಪ್ಪು

ರೀ,

ಓದಲು ನೀವಿಲ್ಲ, ಆದರೂ ಹೇಳದೆ ಇರಲಾರೆ. ಕೊನೆಗೂ ನಿಮ್ಮೂರು ಅಂತರಸಂತೆಯ ಕಾಡು ನೋಡಿ ಬಂದೆ. ನೀವು ಕರೆದಾಗಲೆಲ್ಲ "ಸಂಡಿಗೆ ಒಣಹಾಕಿದ್ದೀನಿ, ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದೆನಲ್ಲ. ಇಂದು ಪಕ್ಕದ ಮನೆಯ ವಿಮಲಮ್ಮನವರ ಜೊತೆ ಬೆಳಗಿನ ಮೋಟಾರಿನಲ್ಲಿ ಮೈಸೂರಿನಿಂದ ಹೊರಟು ಸಂಜೆಗೆ ಮರಳಿದೆ.

ಮಹಾರಾಜರ ಮೀಸಲು ಕಾಡಿನ ಗೇಟಿನ ಬಳಿ, ನೀವು ಹೇಳುತ್ತಿದ್ದ ಆ ಕಲ್ಲುದೇವರು ಇನ್ನೂ ಇದೆ. ಕಾವಲುಗಾರ ದಾಸಯ್ಯ ನಮ್ಮನ್ನು ನಿಲ್ಲಿಸಿ, "ಆಳಿಗೊಂದು ಸೊಪ್ಪು ಆಕ್ರವ್ವ, ಆನೆ ದಾರಿ ಬುಡ್ತದೆ" ಅಂದ. ವಿಮಲಮ್ಮ ಒಂದು ಚಿಗುರು ಮುರಿದಿಟ್ಟರು. ನಾನು ಎರಡಿಟ್ಟೆ.

"ಇನ್ನೊಬ್ರು ಎಲ್ಲವ್ವ?" ಅಂದ.

"ಹಿಂದೆ ಬರ್ತಾ ಇದಾರೆ" ಅಂದುಬಿಟ್ಟೆ.

ನಾವು ಆನೆ, ಕಡವೆ ಎಲ್ಲ ನೋಡಿ ಮರಳುವವರೆಗೂ, ಪಾಪ, ಅವನು ಗೇಟು ತೆರೆದಿಟ್ಟುಕೊಂಡು ನಿಮ್ಮ ದಾರಿ ನೋಡುತ್ತಿದ್ದ.