ಬೋರ್‌ವೆಲ್‌ನೊಳಗಿನ ಚಿನ್ನಿ

ಸುದ್ದಿವಾಹಿನಿಯ ಸಂಪಾದಕರಿಗೆ, ಗುಡಿಬಂಡೆಯ ಕುರಿ ವ್ಯಾಪಾರಿ ಜುಂಜಪ್ಪನ ನಮಸ್ಕಾರ.

ನಿಮ್ಮ ನೇರ ಪ್ರಸಾರಕ್ಕೆ ನನಗಾದ ಖರ್ಚು ಇಷ್ಟು ಸ್ವಾಮಿ: ಜನ ತುಳಿದ ಅರ್ಧ ಎಕರೆ ಕಡಲೆಕಾಯಿ, ಒಂದು ಕುರಿಮರಿ, ಹೆಂಡತಿಯ ನಿದ್ದೆ.

ನಮ್ಮ ಬತ್ತಿದ ಬೋರ್‌ವೆಲ್‌ಗೆ ಬಿದ್ದದ್ದು ಕುರಿಮರಿ. ನಿಮ್ಮ ವರದಿಗಾರ ಮಗು ಅಂದ. ತಿದ್ದಲು ಹೋದರೆ, "ಕುರಿಮರೀನ ಇಡೀ ದಿನ ಯಾರು ನೋಡ್ತಾರಣ್ಣ? ಸುಮ್ಕಿರು" ಅಂದ. ಸಂಜೆಗೆ ಆ ಮಗುವಿಗೆ ಚಿನ್ನಿ ಎಂದು ಹೆಸರೂ ಇಟ್ಟಿರಿ. ಸತ್ತ ಮರಿಯನ್ನು ನಾವು ಕೊಕ್ಕೆ ಹಾಕಿ ಮೇಲೆತ್ತಿದ ಮೇಲೂ ನಿಮ್ಮ ಟೀವಿಯಲ್ಲಿ ಚಿನ್ನಿಯ ಅಳು ನಿಲ್ಲಲಿಲ್ಲ. ಮರುದಿನ ಬೇರೆ ಸುದ್ದಿ ಬಂತು, ನೀವು ಹೊರಟಿರಿ.

ಮಕ್ಕಳಿಲ್ಲದ ನನ್ನ ಹೆಂಡತಿ ಶಾಂತಕುಮಾರಿ ಈಗ ದಿನಾ ಬೋರಿನೊಳಗೆ ಹಾಲು ಸುರಿಯುತ್ತಾಳೆ. ಮುಚ್ಚಲು ಚಪ್ಪಡಿ ತಂದರೆ, "ಹಗಲೂ ರಾತ್ರಿ ಸುಳ್ಳು ಹೇಳಾಕೆ ಟೀವಿಯವ್ರಿಗೇನು ಹುಚ್ಚಾ?" ಎಂದು ಅಡ್ಡ ನಿಲ್ಲುತ್ತಾಳೆ. ನನ್ನ ಮಾತಿಗೆ ಸಂತೆಯಲ್ಲಿ ಬೆಲೆಯಿದೆ, ಮನೆಯಲ್ಲಿಲ್ಲ. ಒಳಗೆ ಮಗು ಇರಲಿಲ್ಲವೆಂದು ನೀವೇ ಒಂದು ಸಲ ಹೇಳಿ. ಬೇಗ ಹೇಳಿ. ನಿನ್ನೆ ಟೀವಿ ಆರಿಸಿ ಹೊಲಕ್ಕೆ ಹೋದಾಗ ಬೋರಿನೊಳಗಿಂದ ಅಳು ನನಗೂ ಕೇಳಿಸಿತು.

ಲೆಕ್ಕ ಹೀಗಿದೆ: ನಿಮಗೆ ನೋಡುವವರು ಸಿಕ್ಕರು, ನೋಡಲು ಬಂದ ಜನರನ್ನು ಕರೆತಂದ ಆಟೋದವರಿಗೆ ಬಾಡಿಗೆ ಸಿಕ್ಕಿತು, ಶಾಂತಕುಮಾರಿಗೆ ಮಗಳು ಸಿಕ್ಕಳು.

ಇಂತಿ, ಉತ್ತರಕ್ಕಾಗಿ ಟೀವಿ ಮುಂದೆ ಕೂತಿರುವ
ಜುಂಜಪ್ಪ